ಪೇಟೆಯ ಪಾದ್ರಿ, ತಾಲ್ಲೂಕಿನ ಅಧಿಕಾರಿ: ರೈಸ್ ಮನೆತನದ ಒಂದು ಪ್ರಕರಣ

ಕರ್ನಾಟಕದ ಇತಿಹಾಸ ಓದಿದವರಿಗೆ ‘ಶಿಕಾರಿಪುರ 176’ ಎಂದರೆ ಸಾಕು, ತಾಳಗುಂದದ ಕಂಬ ಕಣ್ಣಮುಂದೆ ಬಂದು ನಿಲ್ಲುತ್ತದೆ. ‘ಬೇಲೂರು 58’ ಎಂದರೆ ವಿಷ್ಣುವರ್ಧನ ಚೆನ್ನಕೇಶವನ ಗುಡಿ ಕಟ್ಟಿಸಿದ ಶಾಸನ. ‘ಮಂಡ್ಯ 41’ ಎಂದರೆ ಆತಕೂರಿನ ಕಲ್ಲು. ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತ ಕಥೆ. ಇವು ಅಂಚೆಯ ಪಿನ್‌ಕೋಡಿನ ಹಾಗೆ ಬಾಯಿಪಾಠವಾಗಿಬಿಟ್ಟ ಶಾಸನಗಳ ಸಂಖ್ಯೆಗಳು. ಯಾರು ಕೊಟ್ಟರು, ಯಾಕೆ ತಾಲ್ಲೂಕಿನ ಲೆಕ್ಕದಲ್ಲಿ ಕೊಟ್ಟರು ಎಂದು ವಿದ್ಯಾರ್ಥಿ ದೆಸೆಯಲ್ಲಿ ನಾವು ಕೇಳಲೇ ಇಲ್ಲ. ಮೇಷ್ಟರೊಬ್ಬರು ಮಾತ್ರ ತರಗತಿಯಲ್ಲಿ ಪ್ರತಿ ವರ್ಷ ಅದೇ ತಮಾಷೆ ಮಾಡುತ್ತಿದ್ದರು: ‘ಲೋಕದಲ್ಲಿ ಜನ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾರೆ. ನಮ್ಮಲ್ಲಿ ರೈಸೇ ಊರೂರು ಸುತ್ತಿ ಕಲ್ಲು ಹುಡುಕಿದರು.’

ಆ ರೈಸ್ ಬಿ. ಎಲ್. ರೈಸ್, ಮೈಸೂರು ರಾಜ್ಯದ ಶಾಸನಗಳನ್ನು ಕೂಡಿಹಾಕಿ ಅಚ್ಚಿಗೆ ತಂದ ಅಧಿಕಾರಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಪುಸ್ತಕದ ಅಂಗಡಿಗಳ ಸದ್ದಿನ ನಡುವೆ, ಕಂಬಗಳ ಮುಖಮಂಟಪವಿರುವ ರೈಸ್ ಮೆಮೋರಿಯಲ್ ಚರ್ಚ್ ಇದೆ. ಅದನ್ನು ನೋಡಿದ ಅನೇಕರು ಶಾಸನದ ರೈಸ್ ಅವರ ನೆನಪಿಗೆ ಕಟ್ಟಿದ್ದು ಎಂದೇ ತಿಳಿಯುತ್ತಾರೆ. ಅದು ಅವರ ತಂದೆಯ ನೆನಪಿನದು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಮೂರನೆಯವರು, ಬಿ. ಎಲ್. ಅವರ ತಮ್ಮ. ಗ್ರಂಥಾಲಯದ ಕಾರ್ಡುಗಳಲ್ಲಿ ಈ ಮೂವರೂ ಒಬ್ಬರೊಳಗೊಬ್ಬರು ಕಲಸಿಹೋಗಿರುವುದನ್ನು ಕಂಡಿದ್ದೇನೆ. ಬಿಡಿಸಿ ನೋಡಿದರೆ ಅಲ್ಲಿ ಒಂದು ಒಳ್ಳೆಯ ಪ್ರಕರಣವಿದೆ: ಒಂದೇ ಮನೆ, ಒಂದೇ ಕನ್ನಡ. ಅದನ್ನು ಒಬ್ಬರು ಧರ್ಮಸಭೆಗೆ ಒಯ್ದರು, ಇನ್ನೊಬ್ಬರು ಸರ್ಕಾರದ ಕಚೇರಿಗೆ ಒಯ್ದರು. ಒಯ್ದ ಜಾಗಕ್ಕೆ ತಕ್ಕಂತೆ ಆ ಕನ್ನಡ ಬೇರೆ ಬೇರೆ ಬೀರುಗಳಲ್ಲಿ ಜೋಡಣೆಯಾಯಿತು. ಆ ಬೀರುಗಳಲ್ಲೇ ನಾವು ಇಂದಿಗೂ ಕೈಯಾಡಿಸುತ್ತಿದ್ದೇವೆ ಎಂಬುದು ನನ್ನ ವಾದ.

ತಂದೆ

ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ಬೆಂಗಳೂರಿಗೆ ಬಂದದ್ದು 1837ರಲ್ಲಿ. ಆಗಿನ ಬೆಂಗಳೂರು ಒಂದು ಊರಲ್ಲ, ಎರಡು. ಪೂರ್ವಕ್ಕೆ ದಂಡು, ಅಲ್ಲಿ ಸಿಪಾಯಿಗಳು ಮತ್ತು ತಮಿಳು ಮಾತು. ಪಶ್ಚಿಮಕ್ಕೆ ಪೇಟೆ, ಅಲ್ಲಿ ನೇಕಾರರು, ವರ್ತಕರು ಮತ್ತು ಕನ್ನಡ. ಮೈಸೂರು ರಾಜ್ಯದ ಆಡಳಿತವನ್ನು 1831ರಲ್ಲೇ ಕಂಪನಿ ಕೈಗೆ ತೆಗೆದುಕೊಂಡಿತ್ತು. 1834ರಿಂದ ಮಾರ್ಕ್ ಕಬ್ಬನ್ ಕಮಿಷನರ್. ದಂಡಿನಲ್ಲಿ ತಮಿಳರ ನಡುವೆ ಕೆಲಸ ಮಾಡುವ ಪಾದ್ರಿಗಳು ಇದ್ದರು. ರೈಸ್ ಹಿಡಿದದ್ದು ಪೇಟೆಯನ್ನು. ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಮುಂದೆ ಆ ಮನೆಯಲ್ಲಿ ನಡೆದದ್ದಕ್ಕೆಲ್ಲ ಬೀಜ ಇಲ್ಲಿದೆ. ಅವರು ದಂಡಿನಲ್ಲಿ ಮನೆ ಮಾಡಿದ್ದರೆ ಮಗ ತಮಿಳು ಕಲಿಯುತ್ತಿದ್ದ, ಕನ್ನಡದ ಶಾಸನಗಳನ್ನು ಬೇರೆ ಯಾರೋ ಓದಬೇಕಾಗುತ್ತಿತ್ತು.

ಪೇಟೆಯ ನಡುವೆ ಇದ್ದ ಅವರ ಪ್ರಾರ್ಥನಾ ಮಂದಿರಕ್ಕೆ ಆಗ ಕನ್ನಡದ್ದೆಂಬ ಹೆಸರೇ ಇತ್ತು, ‘ಕೆನರೀಸ್ ಚಾಪೆಲ್’. ಅದೇ ಜಾಗದಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಎದ್ದದ್ದು ಈಗಿನ ಕಟ್ಟಡ. ಉಪದೇಶ, ದೊಡ್ಡಪೇಟೆಯ ಬೀದಿಬದಿಯ ಮಾತು, ಶಾಲೆ, ಶಾಲೆಗೆ ಬೇಕಾದ ಕನ್ನಡ ಪುಸ್ತಕ, ಬೈಬಲಿನ ಕನ್ನಡವನ್ನು ತಿದ್ದುವ ಕೆಲಸ: ಇವು ಅವರ ದಿನಚರಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಮೊದಲು ಮಾಡಿದ್ದ ಅನುವಾದ ಪೇಟೆಯ ಕಿವಿಗೆ ಒರಟಾಗಿತ್ತು. ಅದನ್ನು ಬೇರೆ ಬೇರೆ ಮಿಷನ್ನುಗಳವರು ಕೂಡಿ ಕುಳಿತು ತಿದ್ದಿದರು, ರೈಸ್ ಅವರಲ್ಲಿ ಒಬ್ಬರು. ಒಂದು ವಾಕ್ಯದಲ್ಲಿ ಯಾವ ವಿಭಕ್ತಿ ಬರಬೇಕು, ಸಂಸ್ಕೃತದ ಪದ ಇರಬೇಕೋ ಅಚ್ಚಗನ್ನಡದ್ದೋ ಎಂದು ವರ್ಷಗಟ್ಟಲೆ ಜಗಳ ಆಡಬೇಕಾದ ಕೆಲಸ ಅದು. ಊಟದ ಮೇಜಿನ ಮೇಲೂ ಅದೇ ಮಾತು ನಡೆದಿರದೆ ಇರಲಾರದು ಎಂದು ನಾನು ಊಹಿಸುತ್ತೇನೆ.

ಹೆಂಡತಿ ಜೇನ್ ಅವರನ್ನು ಮರೆಯಬಾರದು. ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವ ಶಾಲೆಯನ್ನು 1840ರ ದಶಕದ ಆರಂಭದಲ್ಲಿ ತೆರೆದವರು ಅವರು ಮತ್ತು ಸಹೋದ್ಯೋಗಿ ಪಾದ್ರಿ ಸೂಯೆಲ್ ಅವರ ಹೆಂಡತಿ. ಚರ್ಚಿನ ಹೆಸರಿನಲ್ಲಿ ಗಂಡನಿದ್ದಾರೆ, ಗ್ರಂಥಾಲಯದಲ್ಲಿ ಮಕ್ಕಳಿದ್ದಾರೆ. ಆ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗಿಯರ ಮೊಮ್ಮಕ್ಕಳು ಯಾವ ಸಂಪುಟದಲ್ಲೂ ಇಲ್ಲ.

ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಐವತ್ತು ವರ್ಷ ದುಡಿದರು, 1887ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಜೀವನಚರಿತ್ರೆಯನ್ನು ಬರೆದವರು ಮಗ ಎಡ್ವರ್ಡ್. ಸರ್ಕಾರಿ ಕೆಲಸದಲ್ಲಿದ್ದ ಹಿರಿಯ ಮಗ ಬರೆಯಲಿಲ್ಲ, ಪಾದ್ರಿಯಾದ ಮಗ ಬರೆದರು. ತಂದೆಯ ಅಂಗಿ ಯಾರ ಮೈಗೆ ಸರಿಹೊಂದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೀಗರು

ಹಿರಿಯ ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ತಂದೆ ಬೆಂಗಳೂರು ಮುಟ್ಟಿದ ವರ್ಷವೇ. ಓದಲು ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದದ್ದು ಅದೇ ಶಾಲೆ. ಪಾದ್ರಿಯ ಮಗ ಸರ್ಕಾರದ ಶಾಲೆಗೆ ಹೇಗೆ ಬಂದರು ಎಂದು ಕೇಳಿದರೆ ಉತ್ತರಕ್ಕೆ ಇನ್ನೊಬ್ಬ ಪಾದ್ರಿಯ ಕಡೆ ತಿರುಗಬೇಕು.

ಜಾನ್ ಗ್ಯಾರೆಟ್ ವೆಸ್ಲಿಯನ್ ಮಿಷನ್ನಿನವರು, ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯವನ್ನು ನಡೆಸಿದವರು. ಕನ್ನಡ ಅಚ್ಚುಮೊಳೆಗಳಿಗೆ ಆಕಾರ ಬಂದ ಕಾಲ ಅದು. ಆ ಮುದ್ರಣಾಲಯದಿಂದ 1840ರ ದಶಕದ ಕೊನೆಯಲ್ಲಿ ಹೊರಬಂದ ಪುಸ್ತಕಗಳಲ್ಲಿ ಒಂದು ಭಗವದ್ಗೀತೆ. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕಿದ್ದು. ಮಿಷನ್ನಿನ ಮುದ್ರಣಾಲಯದಲ್ಲಿ ಗೀತೆ! ಕಟ್ಟಾ ಪಾದ್ರಿಗಳಿಗೆ ಇದು ಹೇಗೆ ಕಂಡಿತೋ. ಗ್ಯಾರೆಟ್ ಅವರ ಒಲವು ಉಪದೇಶಕ್ಕಿಂತ ಪುಸ್ತಕದ ಕಡೆ ವಾಲಿದ್ದಂತೂ ಕಾಣುತ್ತದೆ. 1854ರಲ್ಲಿ ಶಿಕ್ಷಣದ ಬಗ್ಗೆ ವುಡ್ ಆದೇಶ ಬಂದ ಮೇಲೆ ಪ್ರಾಂತಪ್ರಾಂತಗಳಲ್ಲಿ ಶಿಕ್ಷಣ ಇಲಾಖೆ ತೆರೆಯಬೇಕಾಯಿತು. ಮೈಸೂರಿನಲ್ಲಿ 1857ರಲ್ಲಿ ಇಲಾಖೆ ಶುರುವಾದಾಗ ಮೊದಲ ನಿರ್ದೇಶಕರಾದವರು ಇದೇ ಗ್ಯಾರೆಟ್. ಸಿಪಾಯಿ ದಂಗೆಯ ವರ್ಷ, ಧರ್ಮದ ವಿಷಯದಲ್ಲಿ ಸರ್ಕಾರ ಮೈಯೆಲ್ಲ ಕಣ್ಣಾಗಿದ್ದ ವರ್ಷ, ಶಾಲೆಗಳನ್ನು ಕೊಟ್ಟದ್ದು ಒಬ್ಬ ಮಾಜಿ ಪಾದ್ರಿಯ ಕೈಗೆ.

ಕಾರಣ ಸರಳ. ಕನ್ನಡ ಓದಲು, ಬರೆಯಲು, ಅಚ್ಚು ಹಾಕಿಸಲು, ಮೇಷ್ಟರನ್ನು ತಯಾರು ಮಾಡಲು ಬಲ್ಲ ಇಂಗ್ಲಿಷರು ಸರ್ಕಾರದಲ್ಲಿ ಬೆರಳೆಣಿಕೆಯಷ್ಟು. ಮಿಷನ್ನುಗಳಲ್ಲಿ ಇದ್ದರು. ಕಂದಾಯ ವಸೂಲಿ ಮಾಡುವ ಅಧಿಕಾರಿಗೆ ದುಭಾಷಿ ಸಾಕಾಗುತ್ತಿತ್ತು. ಪಠ್ಯಪುಸ್ತಕ ಬರೆಯುವವನಿಗೆ ಸಾಕಾಗುತ್ತಿರಲಿಲ್ಲ. ಹೀಗೆ ಪಾದ್ರಿಮನೆಯ ಕನ್ನಡಕ್ಕೆ ಸರ್ಕಾರದಲ್ಲಿ ಬೆಲೆ ಬಂತು. 1869ರಲ್ಲಿ ಲೂಯಿಸ್ ರೈಸ್ ಮದುವೆಯಾದದ್ದು ಗ್ಯಾರೆಟ್ ಅವರ ಮಗಳು ಮೇರಿ ಸೋಫಿಯಾ ಅವರನ್ನು. ಮಾವನ ಇಲಾಖೆಯನ್ನು ಕೆಲವೇ ವರ್ಷಗಳಲ್ಲಿ ಅಳಿಯ ನಡೆಸುವಂತಾಯಿತು. ಇಂದಿನ ಪತ್ರಿಕೆಗಳ ಕಣ್ಣಿಗೆ ಬಿದ್ದಿದ್ದರೆ ಬೇರೆಯೇ ಸುದ್ದಿಯಾಗುತ್ತಿತ್ತು. ಆ ಕಾಲಕ್ಕೆ ಅದು ಊರೊಳಗಿನ ಎರಡು ಮನೆಗಳ ಸಂಬಂಧ, ಅಷ್ಟೆ.

ಹೋಬಳಿಯಿಂದ ಕಲ್ಲಿಗೆ

ಲೂಯಿಸ್ ರೈಸ್ 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಅವರ ಸರ್ಕಾರಿ ಬದುಕಿನಲ್ಲಿ ಶಾಸನಕ್ಕಿಂತ ಮೊದಲು ಹೇಳಬೇಕಾದದ್ದು ಹೋಬಳಿ ಶಾಲೆ. 1868ರಲ್ಲಿ ಅವರು ಕೊಟ್ಟ ಯೋಜನೆ ಇಷ್ಟು: ಪ್ರತಿ ಹೋಬಳಿಗೆ ಒಂದು ಪ್ರಾಥಮಿಕ ಶಾಲೆ, ಕಟ್ಟಡವನ್ನು ಊರಿನವರು ಕೊಡಬೇಕು, ಮೇಷ್ಟರನ್ನು ಸರ್ಕಾರ ಕೊಡುತ್ತದೆ. ಅದಕ್ಕೂ ಮುಂಚೆ ಸರ್ಕಾರದ ಶಾಲೆ ಎಂದರೆ ದೊಡ್ಡ ಊರಿನ ಮಾತು. ಕಂದಾಯ ವಸೂಲಿಗೆಂದು ಇದ್ದ ಹೋಬಳಿ ಎಂಬ ಅಳತೆಯನ್ನು ಅಕ್ಷರಕ್ಕೆ ಹೊಂದಿಸಿದ್ದು ಅವರ ಬುದ್ಧಿ. ಇದನ್ನು ಗಮನದಲ್ಲಿಟ್ಟುಕೊಳ್ಳಿ. ಮನುಷ್ಯ ಯಾವ ಅಳತೆಗೋಲಿನಿಂದ ಲೋಕವನ್ನು ಅಳೆಯುತ್ತಾನೆ ಎಂಬುದು ಬೇಗ ಬದಲಾಗುವುದಿಲ್ಲ.

ಶಾಲೆ ನೋಡಲು ಹೋದ ಊರುಗಳಲ್ಲೆಲ್ಲ ಕಲ್ಲುಗಳು ಕಣ್ಣಿಗೆ ಬಿದ್ದವು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ತೂಬಿನ ಬಳಿ, ಹೊಲದ ಬದುವಿನಲ್ಲಿ, ಎಷ್ಟೋ ಕಡೆ ಬಟ್ಟೆ ಒಗೆಯುವ ಕಲ್ಲಾಗಿ. ಅಷ್ಟರಲ್ಲಿ ಇನ್ನೊಂದು ಕೆಲಸ ಕೂಡಿಬಂತು. 1865ರಲ್ಲಿ ಮೇಜರ್ ಡಿಕ್ಸನ್ ರಾಜ್ಯದ ಹಲವು ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಹೆಗಲಿಗೆ ಬಂತು. ಅದರ ಫಲ 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’. ಈ ನಡುವೆ, 1876ರಿಂದ 1878ರೊಳಗೆ, ಮೈಸೂರು ಮತ್ತು ಕೊಡಗಿನ ಗೆಜೆಟಿಯರ್‌ನ ಮೂರು ಸಂಪುಟಗಳೂ ಬಂದವು. ಮಣ್ಣು, ಮಳೆ, ಬೆಳೆ, ಜಾತಿ, ಜಾತ್ರೆ, ರಾಜವಂಶ ಎಲ್ಲವೂ ಅದರಲ್ಲಿವೆ. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು, ಹತ್ತನೆಯ ಚಾಮರಾಜೇಂದ್ರರು ಪಟ್ಟಕ್ಕೆ ಬಂದರು. ಸರ್ಕಾರ ಬದಲಾಯಿತು, ರೈಸ್ ಕದಲಲಿಲ್ಲ. ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಯಾಗಿ ಹೊರಗೆ ಹೋಗಿ ಬಂದರು. 1885ರಲ್ಲಿ ಮೈಸೂರು ಪುರಾತತ್ವ ಇಲಾಖೆ ಹುಟ್ಟಿದಾಗ ಮೊದಲು ಅರ್ಧ ಹೊತ್ತಿನ, 1890ರಿಂದ ಪೂರ್ಣ ಹೊತ್ತಿನ ನಿರ್ದೇಶಕರಾದರು. 1906ರಲ್ಲಿ ನಿವೃತ್ತಿ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡದವರಿಗೆ ಈ ಕೆಲಸದ ಭಾರ ತಿಳಿಯುವುದಿಲ್ಲ. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆ, ಸುಣ್ಣ, ಅರಿಶಿನ ಕುಂಕುಮ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಪೂಜೆಗೊಳ್ಳುವ ಕಲ್ಲಾದರೆ ಅದಕ್ಕೂ ಮುಂಚೆ ಊರಿನವರ ಒಪ್ಪಿಗೆ ಪಡೆಯಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಗಾಳಿಗುಳ್ಳೆ ನಿಲ್ಲದ ಹಾಗೆ ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಅರೆ ಒಣಗಿದಾಗ ಮಸಿಯ ಗುಬುಟನ್ನು ಮೆಲ್ಲಗೆ ಒತ್ತುತ್ತ ಹೋದರೆ ಕಲ್ಲಿನ ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬಿಸಿಲು ಜೋರಾದರೆ ಕಾಗದ ಬೇಗ ಒಣಗಿ ಎದ್ದುಬಿಡುತ್ತದೆ. ಗಾಳಿ ಬೀಸಿದರೆ ಹರಿಯುತ್ತದೆ. ಹೂತುಹೋದ ಕಲ್ಲಾದರೆ ಮೊದಲು ಅಗೆಯಬೇಕು. ಅಗೆಯುವಾಗ ಅರ್ಧ ಊರು ಸುತ್ತ ನಿಂತಿರುತ್ತದೆ, ಏಕೆಂದರೆ ಶಾಸನ ಓದಲು ಬಂದವರು ನಿಧಿ ಹುಡುಕಲು ಬಂದವರು ಎಂಬುದು ಹಳ್ಳಿಯ ಗಟ್ಟಿ ನಂಬಿಕೆ. ಇದನ್ನು ಒಂದು ಸಲ ಮಾಡಿದರೆ ಸೊಂಟ ಹಿಡಿಯುತ್ತದೆ. ರೈಸ್ ಮತ್ತು ಅವರ ಇಲಾಖೆಯ ಪಂಡಿತರು ಸಾವಿರಾರು ಸಲ ಮಾಡಿದರು.

1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾಗಿ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ 12 ಸಂಪುಟಗಳು ಬಂದವು, ಒಟ್ಟು 8,869 ಶಾಸನಗಳು. ಸಂಪುಟವನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಗೊತ್ತು, ಮೂರು ಬೆರಳು ಬೇಕು. ರೋಮನ್ ಲಿಪಿಯ ಪಾಠ ಒಂದು ಕಡೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆ, ಕನ್ನಡ ಲಿಪಿಯ ಮೂಲ ಮತ್ತೊಂದು ಕಡೆ. ಮೂರರಲ್ಲೂ ಒಂದೊಂದು ಬೆರಳಿಟ್ಟು ಹಿಂದೆ ಮುಂದೆ ಓಡಾಡಬೇಕು. ಎಲ್ಲಕ್ಕೂ ನೆಲೆಗಟ್ಟು ತಾಲ್ಲೂಕು. ಶಿಕಾರಿಪುರ ತಾಲ್ಲೂಕಿನ ಕಲ್ಲುಗಳಿಗೆ ಒಂದರಿಂದ ಸಂಖ್ಯೆ, ಸೊರಬಕ್ಕೆ ಮತ್ತೆ ಒಂದರಿಂದ. ಕದಂಬರ ಪಕ್ಕದಲ್ಲೇ ಕೆಳದಿಯವರು, ಜೈನರ ಸ್ಮಾರಕಗಲ್ಲಾದ ನಿಸಿದಿಯ ಪಕ್ಕದಲ್ಲಿ ವೀರಗಲ್ಲು, ಶಿವಾಲಯದ ದತ್ತಿಯ ಪಕ್ಕದಲ್ಲಿ ಮಠದ ದತ್ತಿ. ಕಲ್ಲು ಯಾವ ಮತದ್ದು, ಯಾವ ರಾಜನದ್ದು ಎಂಬುದು ಆಮೇಲಿನ ಪ್ರಶ್ನೆ. ಮೊದಲ ಪ್ರಶ್ನೆ ಯಾವ ಊರಿನದು, ಯಾವ ತಾಲ್ಲೂಕಿನದು. ಶಾಲೆಯ ವರದಿ ಬರೆದ ಕೈ ಶಾಸನದ ಪಟ್ಟಿಯನ್ನೂ ಬರೆದಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ.

ತಾಳಗುಂದದ ಕಂಬ ರೈಸ್ ಅವರ ಗಮನಕ್ಕೆ ಬಂದದ್ದು 1894ರಲ್ಲಿ. ಪ್ರಣವೇಶ್ವರ ಗುಡಿಯ ಮುಂದಿನ ಆ ಕಂಬದ ಛಾಯಾಚಿತ್ರವನ್ನು ಅವರು ವಿದ್ವಾಂಸ ಬ್ಯೂಲರ್ ಅವರಿಗೆ ಕಳಿಸಿದರು, ಮರುವರ್ಷ ಅದು ವಿದ್ವತ್ ಲೋಕಕ್ಕೆ ತಿಳಿಯಿತು. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದ ಆ ಕಾವ್ಯದ ಕಥೆ ಎಲ್ಲರಿಗೂ ಗೊತ್ತು. ಕದಂಬರ ಮೂಲಪುರುಷ ಮಯೂರಶರ್ಮ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ, ಎಂದರೆ ವಿದ್ಯಾಪೀಠಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ, ಸಮಿತ್ತು, ಹೋಮದ ಸೌಟು, ತುಪ್ಪ ಹಿಡಿದು ಪಳಗಿದ ಕೈಯಿಂದ ಆತ ಖಡ್ಗ ಹಿರಿದ. ಪುರೋಹಿತರ ಮನೆತನವೊಂದು ರಾಜ್ಯಭಾರಕ್ಕೆ ಇಳಿದ ದಾಖಲೆ ಇದು. ಪಾದ್ರಿಯ ಮನೆಯಿಂದ ಸರ್ಕಾರಕ್ಕೆ ಬಂದ ಲೂಯಿಸ್ ರೈಸ್ ಆ ಸಾಲನ್ನು ಓದುವಾಗ ಒಂದು ಕ್ಷಣ ನಿಂತಿರಬಹುದೇ? ಅವರ ಬರಹದಲ್ಲಿ ಅಂಥ ಮಾತುಗಳಿಗೆ ಜಾಗವಿಲ್ಲ. ಅವರದು ಕಡತದ ಭಾಷೆ, ಉದ್ದಕ್ಕೂ ಒಂದೇ ಸ್ವರ. ಜಗಳವಾದರೂ ಅದೇ ಸ್ವರದಲ್ಲಿ ಆಡಿದರು.

ಜಗಳವಂತೂ ಇತ್ತು. ಜೆ. ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿ, ಶಾಸನಗಳ ವಿಷಯದಲ್ಲಿ ಎದುರಾಳಿ. ಗಂಗರ ತಾಮ್ರಪಟಗಳನ್ನು ರೈಸ್ ನಂಬಿದರು, ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು. ವರ್ಷಾನುಗಟ್ಟಲೆ ಸಾಗಿದ ವಾದದಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ. ಹಲವು ಪಟಗಳು ಖೋಟಾ ಎಂಬುದು ನಿಜವಾಯಿತು, ಗಂಗರ ಆರಂಭದ ಚರಿತ್ರೆ ಬರಿಯ ಕಟ್ಟುಕಥೆ ಎಂಬುದು ನಿಲ್ಲಲಿಲ್ಲ. ರೈಸ್ ಅವರ ಓದಿನಲ್ಲಿ ತಪ್ಪುಗಳಿವೆ, ಅನುವಾದದಲ್ಲಿ ಅವಸರವಿದೆ. ಒಬ್ಬ ಮನುಷ್ಯ ಸುಮಾರು ಒಂಬತ್ತು ಸಾವಿರ ಕಲ್ಲುಗಳನ್ನು ಎರಡು ದಶಕಗಳಲ್ಲಿ ಅಚ್ಚಿಗೆ ತಂದರೆ ಹಾಗಾಗುವುದು ಸಹಜ. ನನಗೆ ಇರುವ ತಕರಾರು ಬೇರೆ. ಹಳಗನ್ನಡವನ್ನೂ ಸಂಸ್ಕೃತವನ್ನೂ ಬಿಡಿಸಿ ಹೇಳಿದ ಇಲಾಖೆಯ ಪಂಡಿತರು ಮುನ್ನುಡಿಯ ಕೃತಜ್ಞತೆಯಲ್ಲಿ ಉಳಿದರು, ಸಂಪುಟದ ಬೆನ್ನಿನ ಮೇಲೆ ಬರಲಿಲ್ಲ. ‘ಶಾಸನ ಪಿತಾಮಹ’ ಎಂದು ರೈಸ್ ಅವರನ್ನು ನಾವು ಕರೆಯುವಾಗ ಆ ಪಿತಾಮಹನ ಮನೆಯಲ್ಲಿ ಬಹಳ ಜನ ಇದ್ದರು ಎಂಬುದು ನೆನಪಿರಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದದ್ದು, ಬಿಬ್ಲಿಯೊಥಿಕಾ ಕರ್ನಾಟಿಕ ಎಂಬ ಹಳಗನ್ನಡ ಗ್ರಂಥಗಳ ಮಾಲೆಯಲ್ಲಿ ಪಂಪಭಾರತವನ್ನೂ ಕವಿರಾಜಮಾರ್ಗವನ್ನೂ ಅಚ್ಚು ಮಾಡಿಸಿದ್ದು ಇವೆಲ್ಲ ತಿಳಿದ ಸಂಗತಿಗಳೇ, ಬೆಳೆಸುವುದಿಲ್ಲ. ಪಾದ್ರಿಯ ಮಗ ಜೈನ ಕವಿಯನ್ನು ಓಲೆಗರಿಯಿಂದ ಎತ್ತಿ ಅಚ್ಚಿಗೆ ಹಾಕಿದಾಗ ಅವರ ಮುಂದೆ ಮತದ ಪ್ರಶ್ನೆ ಇರಲಿಲ್ಲ, ಹಸ್ತಪ್ರತಿಯ ಪ್ರಶ್ನೆ ಇತ್ತು ಎಂಬಷ್ಟನ್ನು ಮಾತ್ರ ಇಲ್ಲಿ ಗುರುತಿಸಿಡುತ್ತೇನೆ.

ತಮ್ಮ

ಎಡ್ವರ್ಡ್ ಪೀಟರ್ ರೈಸ್ ತಂದೆಯ ಮಿಷನ್ನನ್ನೇ ಸೇರಿ ಪಾದ್ರಿಯಾದರು. ಅವರ ಕನ್ನಡ ಸಾಹಿತ್ಯ ಚರಿತ್ರೆ 1915ರಲ್ಲಿ ಬಂತು, ಬೆಳೆಸಿ ತಿದ್ದಿದ ಎರಡನೆಯ ಮುದ್ರಣ 1921ರಲ್ಲಿ. 1915 ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷವೂ ಹೌದು. ಪುಸ್ತಕ ಪುಟ್ಟದು. ಹೊರಗಿನವರಿಗೆ ಕನ್ನಡದಲ್ಲಿ ಇಷ್ಟು ಹಳೆಯ, ಇಷ್ಟು ದೊಡ್ಡ ಸಾಹಿತ್ಯವಿದೆ ಎಂದು ತಿಳಿಸಿಕೊಟ್ಟದ್ದು ಅದರ ಉಪಕಾರ.

ಅದರ ವಸ್ತು ಬಹುಪಾಲು ಆರ್. ನರಸಿಂಹಾಚಾರ್ ಅವರ ಕರ್ಣಾಟಕ ಕವಿಚರಿತೆಯದು, 1907ರಲ್ಲಿ ಬಂದ ಅದರ ಮೊದಲ ಸಂಪುಟ ಇಲ್ಲದಿದ್ದರೆ ಎಡ್ವರ್ಡ್ ರೈಸ್ ಅವರಿಗೆ ಬರೆಯಲು ಕೈಗೆ ಸಿಗುತ್ತಿದ್ದದ್ದು ಕಡಿಮೆ. ಈ ನರಸಿಂಹಾಚಾರ್ ಯಾರು? ಪುರಾತತ್ವ ಇಲಾಖೆಯಲ್ಲಿ ಲೂಯಿಸ್ ರೈಸ್ ಅವರ ಸಹಾಯಕರಾಗಿದ್ದವರು, 1906ರಲ್ಲಿ ಅವರ ಕುರ್ಚಿಗೆ ಬಂದವರು. ಅಣ್ಣನ ಕಚೇರಿಯಲ್ಲಿ ಬೆಳೆದ ವಿದ್ವತ್ತು ನರಸಿಂಹಾಚಾರ್ ಅವರ ಮೂಲಕ ಹಾದು ತಮ್ಮನ ಪುಸ್ತಕಕ್ಕೆ ಬಂತು. ಮನೆಯ ಒಳಗಿನ ದಾರಿಗಿಂತ ಈ ಸುತ್ತುದಾರಿ ಮುಖ್ಯವಾದದ್ದು.

ವಸ್ತು ಅಲ್ಲಿಯದಾದರೂ ಜೋಡಣೆ ಎಡ್ವರ್ಡ್ ಅವರದು. ಅವರು ಸಾಹಿತ್ಯವನ್ನು ಜೈನ ಕಾಲ, ಲಿಂಗಾಯತ ಕಾಲ, ಬ್ರಾಹ್ಮಣ ಕಾಲ ಎಂದು ಪಾಲು ಮಾಡಿದರು. ಊರಿಗೆ ಹೊಸದಾಗಿ ಬಂದ ಪಾದ್ರಿ ಮೊದಲು ತಿಳಿದುಕೊಳ್ಳುವುದು ಇದನ್ನೇ: ಈ ಬೀದಿಯಲ್ಲಿ ಯಾರು, ಆ ಬೀದಿಯಲ್ಲಿ ಯಾರು, ಯಾರ ದೇವರು ಯಾವುದು. ಧರ್ಮಸಭೆಯ ಕಣ್ಣಿಗೆ ಜನ ಸಭೆಸಭೆಯಾಗಿ ಕಾಣುತ್ತಾರೆ. ಕವಿಗಳೂ ಹಾಗೇ ಕಂಡರು. ಈ ವಿಂಗಡಣೆಗೆ ಸತ್ವವಿಲ್ಲವೆಂದಲ್ಲ. ಪಂಪನನ್ನು ಜಿನನಿಂದ, ಹರಿಹರನನ್ನು ಶಿವನಿಂದ ಬಿಡಿಸಿ ಓದಲಾಗದು. ಆದರೆ ಬಸವಣ್ಣನವರ ನಂತರ, 1209ರಲ್ಲಿ, ಜೈನ ಕವಿ ಜನ್ನ ಯಶೋಧರಚರಿತೆ ಬರೆದ. ಹದಿನಾರನೆಯ ಶತಮಾನದಲ್ಲಿ ಇನ್ನೊಬ್ಬ ಜೈನ ಕವಿ ರತ್ನಾಕರವರ್ಣಿ ಸಾಂಗತ್ಯದಲ್ಲಿ ಭರತೇಶನ ಕಥೆ ಹಾಡಿದ. ಕಾಲಕ್ಕೆ ಮತದ ಹೆಸರಿಟ್ಟು ಗೋಡೆ ಎಬ್ಬಿಸಿದರೆ ಇಂಥವರಿಗಾಗಿ ಗೋಡೆಗೋಡೆಗೂ ಕಿಂಡಿ ಕೊರೆಯಬೇಕಾಗುತ್ತದೆ. ಎಡ್ವರ್ಡ್ ಅದನ್ನು ಬಲ್ಲರು, ಕಿಂಡಿ ಕೊರೆದರು, ಆದರೂ ಗೋಡೆಯನ್ನು ಕೆಡವಲಿಲ್ಲ.

ಇನ್ನೊಂದು ಮಾತು ಅವರ ಪುಸ್ತಕದಲ್ಲಿ ಇಂದಿಗೂ ಚುಚ್ಚುತ್ತದೆ. ಕನ್ನಡ ಕವಿಗಳು ಭಾಷೆಯನ್ನು ಬಳಸುವುದರಲ್ಲಿ ನಿಪುಣರು, ಕೇಳಲು ಇಂಪು, ಆದರೆ ಲೋಕದ ಜ್ಞಾನಕ್ಕೆ ಅವರು ಸೇರಿಸಿದ್ದು ಬಹಳ ಕಡಿಮೆ ಎಂಬ ಅರ್ಥದ ತೀರ್ಪು ಅದು. ವಚನಗಳು ಸಂಪಾದನೆಯಾಗಿ ಅಚ್ಚಾಗುವ ಕೆಲಸ ಆಗಷ್ಟೇ ಕುದುರುತ್ತಿತ್ತು ಎಂಬ ರಿಯಾಯಿತಿ ಕೊಟ್ಟರೂ ಇದು ಉಪದೇಶಪೀಠದಿಂದ ಬಂದ ಮಾತಾಗಿಯೇ ಕೇಳಿಸುತ್ತದೆ. ಅಣ್ಣ ಹೀಗೆ ಬರೆಯುತ್ತಿರಲಿಲ್ಲ. ಅಣ್ಣನಿಗೆ ಕನ್ನಡದ ಮೇಲೆ ಪ್ರೀತಿ ಹೆಚ್ಚಿತ್ತು ಎಂದು ಇದರಿಂದ ಹೇಳಲು ಬಾರದು. ಸರ್ಕಾರಿ ವರದಿಯಲ್ಲಿ ಮೋಕ್ಷದ ಲೆಕ್ಕ ಕೇಳುವ ಕಾಲಂ ಇರುವುದಿಲ್ಲ, ಅಷ್ಟೆ.

ಎರಡನೆಯ ಸಂಪುಟ

ಹೀಗೆ ಅಣ್ಣನದು ತಾಲ್ಲೂಕಿನ ಬೀರು, ತಮ್ಮನದು ಮತದ ಬೀರು. ಕನ್ನಡ ವಿಭಾಗಗಳ ಪಠ್ಯದಲ್ಲಿ ‘ಜೈನಯುಗ, ವೀರಶೈವಯುಗ’ ಎಂಬ ಘಟಕಗಳು, ಇತಿಹಾಸ ವಿಭಾಗದ ಅಡಿಟಿಪ್ಪಣಿಗಳಲ್ಲಿ ‘ಶಿಕಾರಿಪುರ, ಬೇಲೂರು’ ಎಂಬ ಸಂಖ್ಯೆಗಳು: ಒಂದೇ ಕಾರಿಡಾರಿನ ಆಚೆ ಈಚೆ ಇಬ್ಬರು ಅಣ್ಣತಮ್ಮಂದಿರು ಇನ್ನೂ ಕುಳಿತಿದ್ದಾರೆ.

ಇಷ್ಟು ಚೊಕ್ಕಟವಾಗಿ ಹೇಳಿದ ಮೇಲೆ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಸಂಪುಟವನ್ನೂ ತೋರಿಸಬೇಕು. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ, 1889ರದು. ಉಳಿದವೆಲ್ಲ ಕೊಡಗು, ಮೈಸೂರು, ಹಾಸನ, ಕಡೂರು ಎಂದು ಸೀಮೆಯ ಹೆಸರಿನವು. ಇದೊಂದು ಮಾತ್ರ ಶ್ರವಣಬೆಳಗೊಳ. ಒಂದು ತೀರ್ಥಕ್ಷೇತ್ರಕ್ಕೆ, ಒಂದು ಧರ್ಮಕ್ಕೆ, ಒಂದು ಇಡೀ ಸಂಪುಟ. ತಾಲ್ಲೂಕಿನ ಮನುಷ್ಯ ಒಮ್ಮೆ ತಾಲ್ಲೂಕನ್ನು ಬಿಟ್ಟರು. ಅದೂ ಶುರುವಿನಲ್ಲೇ, ಜಿಲ್ಲೆಯ ಸಂಪುಟಗಳ ಸಾಲು ಇನ್ನೂ ಹೊರಡುವ ಮುಂಚೆ. ಆ ಸಂಪುಟದಲ್ಲಿ ಅವರು ಎಂದಿನ ಹಾಗೆ ತಣ್ಣಗಿಲ್ಲ. ಚಿಕ್ಕಬೆಟ್ಟದ ಮೊದಲನೆಯ ಶಾಸನ ಹೇಳುವ ಜೈನ ಆಚಾರ್ಯ ಭದ್ರಬಾಹುವಿನ ಪ್ರಯಾಣವನ್ನು ಹಿಡಿದು, ಅವನೊಡನೆ ಬಂದವನು ಮೌರ್ಯ ಚಂದ್ರಗುಪ್ತನೇ ಎಂದು ವಾದಿಸಿದರು. ಸಿಂಹಾಸನ ಬಿಟ್ಟು ಸಂನ್ಯಾಸಿಯಾಗಿ ಕನ್ನಡ ನೆಲದ ಬೆಟ್ಟದ ಮೇಲೆ ದೇಹ ಬಿಟ್ಟ ಚಕ್ರವರ್ತಿ. ಫ್ಲೀಟ್ ಒಪ್ಪಲಿಲ್ಲ. ರೈಸ್ ಬಿಡಲಿಲ್ಲ; ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೆ, 1909ರಲ್ಲಿ, ಶಾಸನಗಳಿಂದ ಕಂಡ ಮೈಸೂರು–ಕೊಡಗಿನ ಚರಿತ್ರೆಯನ್ನು ಬರೆದಾಗಲೂ ಚಂದ್ರಗುಪ್ತನನ್ನು ಬೆಟ್ಟದಿಂದ ಇಳಿಸಲಿಲ್ಲ. ಹ್ಯಾರೋದಲ್ಲಿ ಅವರು ತೀರಿಕೊಂಡದ್ದು 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರ ಉಳಿದಿತ್ತು.

ಅಷ್ಟರಲ್ಲಿ ಎರಡನೆಯ ಸಂಪುಟ ಅವರದಾಗಿ ಉಳಿದಿರಲಿಲ್ಲ. ರೈಸ್ ಅದರಲ್ಲಿ 144 ಶಾಸನಗಳನ್ನು ಕೊಟ್ಟಿದ್ದರು. ನರಸಿಂಹಾಚಾರ್ ಅದೇ ಚಿಕ್ಕಬೆಟ್ಟ, ದೊಡ್ಡಬೆಟ್ಟ, ಊರು, ಸುತ್ತಿನ ಹಳ್ಳಿಗಳನ್ನು ಮತ್ತೆ ಕಾಲ್ನಡಿಗೆಯಲ್ಲಿ ಸುತ್ತಿ, ಬಂಡೆಬಂಡೆಯನ್ನೂ ಮತ್ತೆ ಉಜ್ಜಿಸಿ, 1923ರಲ್ಲಿ ಪರಿಷ್ಕೃತ ಸಂಪುಟ ತಂದರು. ಅದರಲ್ಲಿ ಶಾಸನಗಳು 500.